ಮೂರನೆಯ ಮೀನಿನ ಪ್ರಶ್ನೆ

ತೊಟ್ಟಿಯಲ್ಲಿರುವ ಮೂರನೆಯ ಮೀನು ಗಂಡೋ ಹೆಣ್ಣೋ ಎಂಬುದು ಮನುಷ್ಯಕುಲದ ಮುಂದಿರುವ ಗಹನವಾದ ಪ್ರಶ್ನೆಗಳಲ್ಲೊಂದು ಎಂದು, ಆ ಬುಧವಾರ ಬೆಳಗ್ಗೆ ಆರೂವರೆಗೆ, ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡು ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ ಅವನಿಗೆ ಮನದಟ್ಟಾಗಿತ್ತು. ಯುದ್ಧ, ಸಾಂಕ್ರಾಮಿಕ, ಆತ್ಮದ ಅಮರತ್ವ ಮೊದಲಾದವನ್ನು ಬೇರೆಯವರು ನೋಡಿಕೊಳ್ಳಬಹುದಾಗಿತ್ತು. ಇದನ್ನು ಮಾತ್ರ ಅವನೇ ಇತ್ಯರ್ಥ ಮಾಡಬೇಕಿತ್ತು, ಅದೂ ಸಂಜೆ ನಾಲ್ಕರೊಳಗೆ, ಏಕೆಂದರೆ ನಾಲ್ಕಕ್ಕೆ ಹೆಂಡತಿಯ ಅಣ್ಣ ಬರುವವನಿದ್ದ. ಹತ್ತು ದಿನದ ಹಿಂದೆ, ಭಾನುವಾರ ಸಂಜೆ, ಇದೇ ಮೀನಿನ ವಿಷಯಕ್ಕೆ ಅವನು ಹೆಂಡತಿಯ ಕೆನ್ನೆಗೆ ಹೊಡೆದಿದ್ದ. ಅಣ್ಣ ಬರುವುದು ಅವಳನ್ನೂ ಮಗಳನ್ನೂ ಕರೆದುಕೊಂಡು ಹೋಗಲೋ ಅಥವಾ ಬಿಟ್ಟು ಹೋಗಲೋ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವನ ಲೆಕ್ಕಾಚಾರ ಸರಳವಾಗಿತ್ತು. ಮೀನು ಹೆಣ್ಣಾಗಿದ್ದರೆ ಅವಳು ತಪ್ಪು ಹೇಳಿದ್ದಳು. ಗಂಡಾಗಿದ್ದರೆ ಸರಿ ಹೇಳಿದ್ದಳು. ಸರಿ ಹೇಳಿದವಳನ್ನು ಹೊಡೆದವನಿಗಿಂತ ತಪ್ಪು ಹೇಳಿದವಳನ್ನು ಹೊಡೆದವನು ಹೇಗೋ ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಈ ಮೆಟ್ಟಿಲು ಎಲ್ಲಿಂದ ಬಂತು, ಯಾರು ಕಟ್ಟಿಸಿದ್ದು ಎಂದು ಅವನು ಕೇಳಿಕೊಂಡಿರಲಿಲ್ಲ.

ಮೀನುಗಳು ಅಂಗಡಿಯಲ್ಲಿ ಹುಟ್ಟಿ ಅಂಗಡಿಯಲ್ಲಿ ಬೆಳೆದ ಸಾಧುಪ್ರಾಣಿಗಳಲ್ಲ. ಇನ್ನೊಂದು ಖಂಡದ ಕಾಡಿನೊಳಗೆ, ಎಲೆ ಕೊಳೆತು ಟೀ ಬಣ್ಣಕ್ಕೆ ತಿರುಗಿದ ತೋಡಿನಲ್ಲಿ ಯಾರೋ ಮೊಣಕಾಲುದ್ದ ನೀರಲ್ಲಿ ನಿಂತು ಬಲೆಯಿಂದ ಬಾಚಿದ, ಕುಬ್ಜ ಸಿಕ್ಲಿಡ್ ಎಂಬ ಜಾತಿಯವು. ಕಿರುಬೆರಳಿನಷ್ಟು ಉದ್ದ, ಮುಷ್ಟಿಯಷ್ಟು ಕೋಪ. ಐದು ಕಳಿಸಿದ್ದರು. ಎರಡು ಚೀಲದಲ್ಲೇ ಸತ್ತಿದ್ದವು. ಉಳಿದ ಮೂರಕ್ಕಾಗಿ ಅವನು ನಲ್ಲಿಯ ನೀರನ್ನು ಬಿಟ್ಟು, ಸೋಸಿದ ನೀರಿಗೆ ಒಣಗಿದ ಎಲೆ ಕುದಿಸಿ ಹಾಕಿ, ಹುಳಿ ಅಳೆಯುವ ಕಾಗದ ಅದ್ದಿ ಅದ್ದಿ, ಆ ದೂರದ ತೋಡನ್ನು ನಡುಮನೆಯ ಗೋಡೆಗೆ ತಂದು ನಿಲ್ಲಿಸಿದ್ದ. ತಳದಲ್ಲಿ ಕಂದು ಎಲೆಯ ಹಾಸು, ಒಂದು ಅಡ್ಡ ಕಟ್ಟಿಗೆ, ಒಡೆದ ಹೂಕುಂಡದ ಮೂರು ಚೂರು. ಒಂದು ದೊಡ್ಡ ಗಂಡು. ಅದರ ಬಗ್ಗೆ ತಕರಾರಿಲ್ಲ, ಬೆನ್ನಿನ ರೆಕ್ಕೆ ಬಾಚಣಿಗೆಯ ಹಲ್ಲಿನಂತೆ ಎದ್ದಿತ್ತು. ಒಂದು ಹೆಣ್ಣು, ಅದರ ಬಗ್ಗೆಯೂ ಇಲ್ಲ. ಮೂರನೆಯದು ಚಿಕ್ಕದು, ಮಂಕು ಹಳದಿ, ಬಾಲ ದುಂಡಗೆ, ಹೊಟ್ಟೆಯ ರೆಕ್ಕೆಯ ಅಂಚಿಗೆ ಕಪ್ಪು. ಪುಸ್ತಕದಲ್ಲಿ ಹೆಣ್ಣಿನ ಚಿತ್ರದ ಕೆಳಗೆ ಬರೆದದ್ದೆಲ್ಲ ಅದರ ಮೈಮೇಲಿತ್ತು. ಅವನು ಎರಡು ನಿಮಿಷ ನೋಡಿ ಹೆಣ್ಣು ಎಂದಿದ್ದ. ಅವನಿಗೆ ಎರಡು ನಿಮಿಷ ಬಹಳ ದೀರ್ಘಕಾಲ. ಕೋಳಿಮರಿಯಾದರೆ ಮೂರು ಸೆಕೆಂಡು ಸಾಕಾಗುತ್ತಿತ್ತು.

ಆ ಬೆಳಗ್ಗೆ ತೊಟ್ಟಿಯಲ್ಲಿ ಏನೋ ನಡೆದುಹೋಗಿತ್ತು. ಹೆಣ್ಣು ರಾತ್ರೋರಾತ್ರಿ ಬಣ್ಣ ಬದಲಿಸಿಕೊಂಡು ಉರಿಯುವ ಹಳದಿಯಾಗಿತ್ತು, ಮುಖದ ಮೇಲೆ ಕಾಡಿಗೆ ಎಳೆದಂತೆ ಕಪ್ಪು ಪಟ್ಟಿ. ಕುಂಡದ ಚೂರಿನ ಒಳಛಾವಣಿಗೆ ಕೆಂಪು ಮೊಟ್ಟೆಗಳನ್ನು ಅಂಟಿಸಿ, ಬಾಗಿಲಲ್ಲಿ ನಿಂತಿತ್ತು. ಎರಡು ತಿಂಗಳಿಂದ ಅವನು ಕಾದದ್ದು ಇದಕ್ಕೆ. ಆದರೆ ಅವನು ಮೊಟ್ಟೆಗಳನ್ನು ಎಣಿಸಲಿಲ್ಲ. ಮೂರನೆಯದನ್ನು ಹುಡುಕಿದ. ಅದು ಫಿಲ್ಟರಿನ ಕೊಳವೆಯ ಹಿಂದೆ ತಲೆಕೆಳಗಾಗಿ ನಿಂತಿತ್ತು. ಬಾಲದ ಅರ್ಧ ಇರಲಿಲ್ಲ. ಅದು ಒಂದಂಗುಲ ಸರಿದರೆ ಸಾಕು, ಹೆಣ್ಣು ಕಲ್ಲು ಬೀಸಿದಂತೆ ಬಂದು ಪಕ್ಕೆಗೆ ಗುದ್ದಿ ಒಂದು ಚಿಪ್ಪು ಕಿತ್ತು ಹಿಂದಿರುಗುತ್ತಿತ್ತು. ಚಿಪ್ಪು ಮೆಲ್ಲಗೆ ಹೊಳೆಯುತ್ತ ಎಲೆಗಳ ಮೇಲೆ ಇಳಿಯುತ್ತಿತ್ತು. ಸವತಿಮತ್ಸರ ಎಂದುಕೊಂಡ ಅವನು, ತೃಪ್ತಿಯಿಂದ. ಹೆಣ್ಣು ಹೆಣ್ಣನ್ನೇ ಹೀಗೆ ಹರಿಯುವುದು. ಆಮೇಲೆ, ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡನ್ನೂ ಹೀಗೆಯೇ ಹರಿಯುತ್ತದೆ, ಸಣ್ಣ ತೊಟ್ಟಿಯಲ್ಲಿ ಕೊಂದೇ ಹಾಕುತ್ತದೆ ಎಂದು ಅದೇ ಪುಸ್ತಕದ ಮುಂದಿನ ಪುಟದಲ್ಲಿ ಓದಿದ್ದು ನೆನಪಾಯಿತು. ಪೇಸ್ಟಿನ ನೊರೆ ಗಂಟಲಿಗಿಳಿಯಿತು.

"ಅಮ್ಮ ಹೇಳ್ತಾಳೆ, ಬಾತ್‌ರೂಮಲ್ಲಿ ಹಲ್ಲುಜ್ಜಬೇಕಂತೆ" ಎಂದಳು ಮಗಳು, ಅವನ ಹಿಂದೆ ನಿಂತು. ಅವಳಿಗೆ ಹದಿನಾಲ್ಕು ವರ್ಷ, ಹತ್ತು ದಿನದಿಂದ ಎರಡು ರಾಷ್ಟ್ರಗಳ ನಡುವಿನ ರಾಯಭಾರಿ. ಕೆಲಸವನ್ನು ಅವಳು ಯಾವ ಭಾವನೆಯನ್ನೂ ಸೇರಿಸದೆ, ಮಾತಿಗೆ ಮಾತು ನಿಭಾಯಿಸುತ್ತಿದ್ದಳು. "ಟೀ ಮೇಜಿನ ಮೇಲಿದೆಯಂತೆ. ಮಾವ ನಾಲ್ಕಕ್ಕೆ ಬರ್ತಾನಂತೆ. ನೀವು ಇರೋದಾದ್ರೆ ಇರಬಹುದಂತೆ."

"ಇರೋದಾದ್ರೆ ಅಂದ್ರೆ?"

"ಅಷ್ಟೇ ಹೇಳಿದ್ದು."

"ಮೀನು ಮೊಟ್ಟೆ ಇಟ್ಟಿದೆ, ನೋಡು ಬಾ."

"ಇದನ್ನ ಅಮ್ಮಂಗೆ ಹೇಳಬೇಕಾ, ನನಗೆ ಹೇಳಿದ್ದಾ?"

ಅವನು ಬಾಯಿಯ ನೊರೆ ಒರೆಸಿಕೊಂಡ. ಅವಳು ಶಾಲೆಯ ಚೀಲ ಹೆಗಲಿಗೇರಿಸಿ ಹೋದಳು. ಹೋಗುವಾಗ ತೊಟ್ಟಿಯ ಕಡೆ ನೋಡಲಿಲ್ಲ. ಅವನ ಬಲಗೈಯ ಹತ್ತಿರ ಹಾದುಹೋಗುವಾಗ ಸ್ವಲ್ಪವೇ, ಗೋಡೆಯ ಕಡೆಗೆ, ಸರಿದು ನಡೆದಳು. ಗೋಡೆಗೂ ಅವನಿಗೂ ನಡುವೆ ಬೇಕಾದಷ್ಟು ಜಾಗವಿತ್ತು. ಈ ಸರಿದಾಟವನ್ನು ಅವನು ಬಸ್ಸಿನಲ್ಲಿ ಕುಳಿತು ಮೂರು ಸಲ ಮತ್ತೆ ನೋಡಿದ. ಪ್ರತಿಸಲವೂ ಅವಳು ಇನ್ನಷ್ಟು ದೂರ ಸರಿದಳು.

ಹ್ಯಾಚರಿಯಲ್ಲಿ ಅವನನ್ನು ಜಡ್ಜು ಎಂದು ಕರೆಯುತ್ತಿದ್ದರು. ಕೆಲಸವೇ ಹಾಗಿತ್ತು. ಹುಟ್ಟಿ ಹನ್ನೆರಡು ಗಂಟೆಯಾಗದ ಮರಿಗಳು ಟ್ರೇಯಲ್ಲಿ ಬರುತ್ತವೆ, ಹಳದಿ ಉಂಡೆಗಳು, ಚಿಂವ್ ಚಿಂವ್ ಎಂಬ ಒಂದೇ ದೊಡ್ಡ ಸದ್ದು. ಎಡಗೈಯಲ್ಲಿ ಮರಿಯನ್ನೆತ್ತಿ, ಹೊಟ್ಟೆ ಹಿಸುಕಿ ಹಿಕ್ಕೆಯನ್ನು ಡಬ್ಬಿಗೆ ಚಿಮ್ಮಿಸಿ, ಹೆಬ್ಬೆರಳಿನಿಂದ ಹಿಂಭಾಗವನ್ನು ಮಡಿಸಿ, ದೀಪದ ಕೆಳಗೆ ಹಿಡಿಯಬೇಕು. ಸಾಸಿವೆಯ ಕಾಲುಭಾಗದಷ್ಟು ಒಂದು ಗುಳ್ಳೆ ಇದ್ದರೆ ಗಂಡು. ಹೆಣ್ಣು ಬಲಕ್ಕೆ, ಪೆಟ್ಟಿಗೆಗೆ. ಗಂಡು ಎಡಕ್ಕೆ, ಜಾರುಗೊಳವೆಗೆ. ಕೊಳವೆ ಪಕ್ಕದ ಕೋಣೆಗೆ ಹೋಗುತ್ತದೆ. ಅಲ್ಲಿ ಬೀಸುವ ಯಂತ್ರವಿದೆ. ಮೊಟ್ಟೆಕೋಳಿ ಜಾತಿಯ ಹುಂಜವನ್ನು ಯಾರೂ ಸಾಕುವುದಿಲ್ಲ, ಹೀಗಾಗಿ ಅದು ಈ ಲೋಕದಲ್ಲಿ ಅರ್ಧ ದಿನವಿದ್ದು ಗೊಬ್ಬರವಾಗುತ್ತದೆ. ಯಂತ್ರದ ಸದ್ದು ಬಹಳ ಜೋರೇನಲ್ಲ. ಬಿಸ್ಕತ್ತು ಮುರಿದಂತೆ, ನಿರಂತರವಾಗಿ. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಎಂಟು ಸಾವಿರ. ಒಟ್ಟು ಎಷ್ಟಾಯಿತೆಂದು ಪಕ್ಕದ ಕುರ್ಚಿಯ ಗುಬ್ಬಿ ಒಮ್ಮೆ ಕಾಗದದ ಮೇಲೆ ಗುಣಿಸಲು ಹೊರಟಾಗ ಅವನು ಕಾಗದ ಕಿತ್ತುಕೊಂಡಿದ್ದ. ಗುಬ್ಬಿ ಎಂಬವಳು ತೊಂಬತ್ತು ಕಿಲೋ ತೂಗುವ, ಎರಡು ಕೈಯಲ್ಲೂ ಸಮನಾಗಿ ಕೆಲಸ ಮಾಡಬಲ್ಲ ಹೆಂಗಸು.

"ಏನ್ ಜಡ್ಜ್ ಸಾಹೇಬ್ರೇ, ಇವತ್ತು ತೀರ್ಪು ನಿಧಾನ" ಎಂದಳು ಗುಬ್ಬಿ, ಮರಿಯ ಮೇಲಿಂದ ಕಣ್ಣೆತ್ತದೆ.

"ದೀಪ ಸರಿಯಿಲ್ಲ."

"ದೀಪ ನಿನ್ನೆಯದೇ. ಮನೇಲಿ ಮಾತು ಶುರುವಾಯ್ತಾ?"

"ಆಗುತ್ತೆ."

"ಆಗುತ್ತೆ ಅಂತ ಹತ್ತು ದಿನದಿಂದ ಹೇಳ್ತಿದ್ದೀಯ. ನಮ್ಮೆಜಮಾನ ಒಂದು ಸಲ ಕೈ ಎತ್ತಿದ್ದ. ನಾನು ಅವನ ಕೈ ಹಿಡ್ಕೊಂಡು ತಿರುಗಿಸಿ ನೋಡ್ದೆ, ಗುಳ್ಳೆ ಇದೆಯಾ ಅಂತ. ಅವತ್ತಿಂದ ಎತ್ತಿಲ್ಲ." ಅವಳು ನಕ್ಕಾಗ ಟ್ರೇ ಅಲುಗಿತು. ಆಚೆಸಾಲಿನವರೂ ನಕ್ಕರು. ಅವನೂ ನಕ್ಕ, ಯಾಕೆಂದರೆ ನಗದಿದ್ದರೆ ವಿಷಯ ಅವನದೇ ಎಂದಾಗುತ್ತಿತ್ತು. ಕೈಯಲ್ಲಿದ್ದ ಮರಿ ಕಾಲೊದೆಯಿತು. ಅದನ್ನು ಯಾವ ಕಡೆಗೆ ಹಾಕಿದನೆಂದು ಅವನಿಗೆ ಆಮೇಲೆ ನೆನಪಾಗಲಿಲ್ಲ.

ಏಟಿನ ವಿಷಯದಲ್ಲಿ ಅವನಿಗೆ ಏಟೇ ನೆನಪಿರಲಿಲ್ಲ. ಅದರ ಮುಂಚಿನದು ನೆನಪಿತ್ತು, ನಂತರದ್ದು ಇನ್ನೂ ಚೆನ್ನಾಗಿ ನೆನಪಿತ್ತು. ಹಲ್ಲಿನ ಡಾಕ್ಟರು ಬಂದಿದ್ದರು, ಊರಿನಲ್ಲಿ ಕಾಡು ಮೀನು ಸಾಕುವ ಇನ್ನೊಬ್ಬರೇ ಮನುಷ್ಯ, ಮರಿಗಳಾದರೆ ಒಂದು ಜೋಡಿ ತಮಗೆ ಬೇಕೆಂದು ಎರಡು ತಿಂಗಳಿಂದ ಹೇಳುತ್ತಿದ್ದವರು. ಗಾಜಿಗೆ ಮೂಗಿಟ್ಟು ನೋಡಿ, "ಒಂದು ಗಂಡು, ಎರಡು ಹೆಣ್ಣು. ಪುಣ್ಯವಂತ ಗಂಡು ಬಿಡಿ" ಎಂದರು. ತೊಟ್ಟಿಯ ಪಕ್ಕದಲ್ಲೇ ಹೊಲಿಗೆ ಮಿಷನ್ನು. ಹೆಂಡತಿ ಬೇರೆಯವರ ಬಟ್ಟೆ ಹೊಲಿಯುತ್ತ ದಿನಕ್ಕೆ ಒಂಬತ್ತು ಗಂಟೆ ಅಲ್ಲೇ ಕೂತಿರುತ್ತಾಳೆ. ಅವಳು ಪೆಡಲ್ಲಿನಿಂದ ಕಾಲು ತೆಗೆಯದೆ ಹೇಳಿದಳು: "ಎರಡು ಗಂಡು, ಒಂದೇ ಹೆಣ್ಣು, ಡಾಕ್ಟ್ರೇ."

"ಅವಳಿಗೇನು ಗೊತ್ತು" ಎಂದ ಅವನು, ನಗುತ್ತ.

"ದೊಡ್ಡದು ಆ ಕಟ್ಟಿಗೆ ಹಿಂದೆ ಹೋದ್ರೆ ಇದು ರೆಕ್ಕೆ ಎತ್ತುತ್ತೆ, ಕೆನ್ನೆ ಮೇಲೆ ನೀಲಿ ಗೆರೆ ಬರುತ್ತೆ. ದೊಡ್ಡದು ಈಚೆ ಬಂತೋ, ಮತ್ತೆ ಹೆಂಗಸು. ನೀವು ಬಂದು ಎದುರಿಗೆ ನಿಂತ್ರೂ ಹೆಂಗಸೇ." ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ದಿನಕ್ಕೆ ಎಂಟು ಸಾವಿರ ಮರಿಯ ಜಾತಕ ಹೇಳೋರಿಗೆ ಮನೇಲಿರೋ ಒಂದು ಮೀನು ತಿಳೀಲಿಲ್ಲ ನೋಡಿ."

ಡಾಕ್ಟರು ನಕ್ಕರು. ಒಳ್ಳೆಯ ಹಲ್ಲು, ಅವರ ಅಂಗಡಿಯ ಜಾಹೀರಾತೇ ಅದು, ಮೂವತ್ತೆರಡೂ ಕಂಡವು. ಆಮೇಲೆ ಅವನು ಮಿಷನ್ನಿನ ಹತ್ತಿರ ನಿಂತಿದ್ದ, ಅವಳ ತಲೆ ಮಿಷನ್ನಿನ ಚಕ್ರಕ್ಕೆ ತಾಗಿತ್ತು, ಅಂಗೈ ಬಿಸಿಯಾಗಿತ್ತು. ಅವಳ ಬಾಯಲ್ಲಿ ಇನ್ನೂ ದಾರದ ತುಂಡಿತ್ತು, ತುಟಿಯ ಮೂಲೆಯಿಂದ ರಕ್ತ ಆ ದಾರದ ಮೇಲೆ ನಡೆಯುತ್ತ ಬಂತು. ಆಗ ಹಲ್ಲಿನ ಡಾಕ್ಟರು ತೊಟ್ಟಿಯ ಕಡೆಗೇ ಮುಖ ಮಾಡಿಕೊಂಡು, ಬಹಳ ಆಸಕ್ತಿಯಿಂದ, "ಟೆಂಪರೇಚರ್ ಎಷ್ಟಿಟ್ಟಿದ್ದೀರಿ?" ಎಂದು ಕೇಳಿದರು. ಅವನು, "ಇಪ್ಪತ್ತಾರು" ಎಂದ. ಹತ್ತು ದಿನದಿಂದ ಅವನನ್ನು ಬಸ್ಸಿನಲ್ಲಿ, ಬಚ್ಚಲಲ್ಲಿ, ಮರಿಗಳ ಟ್ರೇಯ ಮುಂದೆ ಇದ್ದಕ್ಕಿದ್ದಂತೆ ಹಿಡಿದು ನಿಲ್ಲಿಸುತ್ತಿದ್ದದ್ದು ಏಟಲ್ಲ, ಈ ಇಪ್ಪತ್ತಾರು. ಅಷ್ಟು ಸ್ಪಷ್ಟವಾಗಿ, ದಶಮಾಂಶವೊಂದು ಇಲ್ಲದ್ದು ಬಿಟ್ಟರೆ ಪೂರ್ತಿ ವೈಜ್ಞಾನಿಕವಾಗಿ, ಅವನು ಉತ್ತರ ಕೊಟ್ಟಿದ್ದ.

ಮಧ್ಯಾಹ್ನ ಒಂದು ಗಂಟೆಗೆ ಸೂಪರ್‌ವೈಸರ್ ಕರೆಸಿದ. ಅವನಿಗಿಂತ ಹದಿನೈದು ವರ್ಷ ಚಿಕ್ಕವನು, ಯಾವಾಗಲೂ ಬಿಳಿ ಕೋಟು. ವಾರಕ್ಕೊಮ್ಮೆ ಪ್ರತಿಯೊಬ್ಬರ ಪೆಟ್ಟಿಗೆಯಿಂದ ನೂರು ಮರಿ, ಕೊಳವೆಯ ಬಾಯಿಂದ ನೂರು ಮರಿ ಎತ್ತಿ, ಕತ್ತು ಮುರಿದು, ಹೊಟ್ಟೆ ಕೊಯ್ದು ನೋಡುವುದು ಅಲ್ಲಿನ ಪದ್ಧತಿ. ಹೊರಗಿಂದ ನೋಡಿ ಹೇಳಿದ್ದಕ್ಕೆ ಒಳಗಿನದು ಸಾಕ್ಷಿ; ಅದರ ಮೇಲೆ ಮೇಲ್ಮನವಿಯಿಲ್ಲ. ಮೇಜಿನ ಮೇಲೆ ಸ್ಟೀಲ್ ತಟ್ಟೆಯಲ್ಲಿ ಒಂಬತ್ತು ಮರಿಗಳು ಅಂಗಾತ ತೆರೆದುಕೊಂಡು ಮಲಗಿದ್ದವು, ಪುಟ್ಟ ಪುಸ್ತಕಗಳಂತೆ.

"ನಿಮ್ಮ ಹೆಣ್ಣಿನ ಪೆಟ್ಟಿಗೇಲಿ ಸಿಕ್ಕಿದ ಗಂಡುಗಳು ಇವು. ನೂರಕ್ಕೆ ಒಂಬತ್ತು" ಎಂದ ಸೂಪರ್‌ವೈಸರ್. "ಹತ್ತೊಂಬತ್ತು ವರ್ಷದಲ್ಲಿ ನೀವು ನೂರಕ್ಕೆ ಎರಡು ದಾಟಿಲ್ಲ. ಕಣ್ಣು ತೋರಿಸಿಕೊಂಡ್ರಾ?"

"ಕಣ್ಣು ಸರಿಯಾಗಿದೆ."

"ಅದೇ ನನಗೂ ಅನುಮಾನ. ಕೊಳವೆ ಕಡೆ ನೂರು ನೋಡಿದೆ. ಒಂದು ಹೆಣ್ಣೂ ಇಲ್ಲ. ಕಣ್ಣು ಕೆಟ್ಟವರು ಎರಡೂ ಕಡೆ ತಪ್ತಾರೆ, ಸಾರ್. ನಿಮ್ಮ ತಪ್ಪೆಲ್ಲ ಒಂದೇ ಕಡೆ ಇದೆ." ಅವನು ಪೆನ್ನಿನ ತುದಿಯಿಂದ ಒಂದು ಮರಿಯ ಪಕ್ಕೆಯನ್ನು ಸರಿಪಡಿಸಿದ. "ಬೇಕು ಅಂತ ಮಾಡ್ತಿದ್ದೀರಾ?"

ಬೇಕೆಂದೇ ಮಾಡಿದ್ದನೇ? ಅವನಿಗೇ ತಿಳಿಯಲಿಲ್ಲ. ಕೆಲವು ಮರಿಗಳ ವಿಷಯದಲ್ಲಿ ಕೈ ಸ್ವಲ್ಪ ತಡೆಯುತ್ತಿತ್ತು ಎಂಬುದು ನಿಜ, ಬಲಗೈ. ಆದರೆ ಕರುಣೆ ಎಂಬ ಪದ ಮನಸ್ಸಿಗೆ ಬಂದೊಡನೆ ಅವನಿಗೆ ಹೇಸಿಗೆಯಾಯಿತು: ಅವು ಹೆಚ್ಚಿಗೆ ಬದುಕಿದ್ದು ಒಂದೆರಡು ಗಂಟೆ, ಈಗ ತಟ್ಟೆಯಲ್ಲಿದ್ದವು. ಇವನು ಬಿಟ್ಟದ್ದರಿಂದ ಅವುಗಳಿಗೆ ದಕ್ಕಿದ್ದು ಇನ್ನೊಂದು ಬಗೆಯ ಸಾವು, ಅಷ್ಟೇ. "ಇಲ್ಲ" ಎಂದ.

"ಇವತ್ತು ಮನೆಗೆ ಹೋಗಿ. ನಾಳೆ ಬಂದು ನನ್ನೆದುರಿಗೆ ನೂರು ಮಾಡಿ. ಮೂರು ತಪ್ಪಿದರೂ ನಿಮ್ಮನ್ನ ಯಂತ್ರದ ಕೋಣೆಗೆ ಹಾಕಬೇಕಾಗುತ್ತೆ. ಅಲ್ಲಿ ನೋಡೋದೇನಿಲ್ಲ, ಗುಂಡಿ ಒತ್ತೋದು." ಸೂಪರ್‌ವೈಸರ್ ತಟ್ಟೆಯನ್ನೆತ್ತಿ, ಮಾತಿನ ನಡುವೆಯೇ, ಒಂಬತ್ತನ್ನೂ ಡಬ್ಬಿಗೆ ಸುರಿದ.

ಬಸ್ಸು ಖಾಲಿಯಿತ್ತು. ಮಧ್ಯಾಹ್ನದ ಬಸ್ಸಿನಲ್ಲಿ ಮುದುಕರೂ ಕೆಲಸ ಕಳೆದುಕೊಂಡವರೂ ಮಾತ್ರ ಕೂರುತ್ತಾರೆಂದು ಅವನು ಹಿಂದೆ ಯಾವಾಗಲೋ ಗಮನಿಸಿದ್ದ, ತನ್ನನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಈಗ ಎದುರಿನ ಮುದುಕ ಯೋಚಿಸುತ್ತಿರುವಂತೆ ಕಂಡಿತು. ನಾಲ್ಕಕ್ಕೆ ಇನ್ನೂ ಎರಡೂವರೆ ಗಂಟೆ. ಹೆಂಡತಿಯ ಅಣ್ಣ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು, ಊರೂರಿನ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವವನು. ಏನು ಹೇಳುತ್ತಾನೆ? ಬಂದೊಡನೆ ಕಾಲರು ಹಿಡಿಯುತ್ತಾನೆ, ಗೋಡೆಗೆ ಒತ್ತುತ್ತಾನೆ, ಮುಖಕ್ಕೆ ಗುದ್ದುತ್ತಾನೆ; ಮೂಗಿನ ಮೂಳೆ ಮುರಿದ ಸದ್ದು ಬಿಸ್ಕತ್ತಿನಂತೆ ಕೇಳುತ್ತದೆ. ಈ ದೃಶ್ಯವನ್ನು ಅವನು ಹಲವು ದಿನಗಳಿಂದ ಹಲವು ರೀತಿಯಲ್ಲಿ ತಿದ್ದಿ ಬರೆದಿದ್ದ. ಪ್ರತಿಸಲ ಹೊಡೆತ ತಿಂದು ನೆಲಕ್ಕೆ ಬಿದ್ದ ಮೇಲೆ ಒಂದು ತರಹದ ತಂಪು ಸಿಗುತ್ತಿತ್ತು. ಹೆಂಡತಿ ಓಡಿಬಂದು, ಬಿಡು ಅಣ್ಣಾ, ಸಾಕು, ಎನ್ನುತ್ತಿದ್ದಳು. ಅಲ್ಲಿಗೆ ದೃಶ್ಯ ಮುಗಿಯುತ್ತಿತ್ತು, ಅವನು ಹಿಂದಕ್ಕೆ ಹೋಗಿ ಮೊದಲ ಗುದ್ದಿನಿಂದ ಶುರು ಮಾಡುತ್ತಿದ್ದ.

ಮನೆಯಲ್ಲಿ ಹೆಂಡತಿ ಮಿಷನ್ನಿನ ಮುಂದಿದ್ದಳು. ಅವನು ಹೊತ್ತಿಗೆ ಮುಂಚೆ ಬಂದರೂ ಅವಳು ಪೆಡಲ್ಲು ತುಳಿಯುತ್ತಲೇ ಇದ್ದಳು. ಅವಳ ತುಟಿಯ ಗಾಯ ಒಣಗಿ, ಸಣ್ಣ ಗೆರೆಯೊಂದು ಉಳಿದಿತ್ತು. ಕೆನ್ನೆಯ ನೀಲಿ ಹಸಿರಾಗಿ, ಹಸಿರು ಹಳದಿಯಾಗಿತ್ತು. ಹತ್ತು ದಿನ ಅವನು ಅದನ್ನು ಬೇರೆ ಬೇರೆ ಕೋಣೆಗಳಿಂದ ಕದ್ದು ನೋಡಿದ್ದ. ತೊಟ್ಟಿಯಲ್ಲಿ ನೀರು ಕಲಕಿತ್ತು. ಮೂರನೆಯದು ಮೇಲಿನ ಮೂಲೆಯಲ್ಲಿ, ಗಾಜಿಗೂ ಕೊಳವೆಗೂ ನಡುವೆ ಓರೆಯಾಗಿ ಸಿಕ್ಕಿಕೊಂಡು ಬಾಯಿ ತೆರೆಯುತ್ತಿತ್ತು. ಒಂದು ಕಣ್ಣಿರಲಿಲ್ಲ. ಹೆಣ್ಣು ಕೆಳಗೆ ಮೊಟ್ಟೆಗೆ ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು, ಮನೆಗೆಲಸದವಳ ಶ್ರದ್ಧೆಯಿಂದ, ಮತ್ತು ನಿಮಿಷಕ್ಕೊಮ್ಮೆ ಅದನ್ನು ಬಿಟ್ಟು ಮೇಲೇರಿ ಆ ಕಣ್ಣಿಲ್ಲದ ಕಡೆಗೇ ಗುದ್ದಿ ಬರುತ್ತಿತ್ತು. ದೊಡ್ಡ ಗಂಡು ಕಟ್ಟಿಗೆಯ ಹಿಂದೆ, ತನಗೆ ಸಂಬಂಧವಿಲ್ಲದ ಬೀದಿಜಗಳದ ಪಕ್ಕ ಹಾದುಹೋಗುವವನಂತೆ, ಮುಖ ತಿರುಗಿಸಿಕೊಂಡಿತ್ತು. ಅವನು ಬಲೆ ತೆಗೆದುಕೊಂಡ.

"ಈಗ ನೋಡೇಬಿಡೋಣ" ಎಂದ. ಹತ್ತು ದಿನದಲ್ಲಿ ಅವಳಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ಮಿಷನ್ನು ನಿಂತಿತು.

"ಏನು ನೋಡೋದು?"

"ಗಂಡೋ ಹೆಣ್ಣೋ."

"ಅದನ್ನ ಬೇರೆ ತೊಟ್ಟಿಗೆ ಹಾಕಿ. ಸಾಯ್ತಿದೆ."

ಬೇರೆ ತೊಟ್ಟಿ ಇತ್ತು, ಅಡುಗೆಮನೆಯ ಕಟ್ಟೆಯ ಮೇಲೆ, ನೀರು ತುಂಬಿಸಿ ಸಿದ್ಧವಾಗಿತ್ತು. ಬೆಳಗ್ಗೆಯೇ ಹಾಕಬಹುದಿತ್ತು. ಬೆಳಗ್ಗೆ ಹಾಕಿದ್ದರೆ, ದೊಡ್ಡದರ ಭಯ ತಪ್ಪಿದ ಅದು ಒಂದು ವಾರದಲ್ಲಿ ತಾನೇ ರೆಕ್ಕೆಯೆತ್ತಿ ಹೇಳುತ್ತಿತ್ತು, ತಾನು ಯಾರೆಂದು. ಇದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಕೆಲಸಕ್ಕೆ ಹೋಗಿದ್ದ. ಬಲೆಯನ್ನು ಇಳಿಸಿದಾಗ ಕೈ ಅಡ್ಡ ಕಟ್ಟಿಗೆಗೆ ತಗುಲಿತು, ಕಟ್ಟಿಗೆ ಕುಂಡದ ಚೂರಿನ ಮೇಲೆ ಉರುಳಿತು, ಕೊಳೆತ ಎಲೆಗಳೆದ್ದು ನೀರು ಕಪ್ಪಾಯಿತು. ಆ ಕಪ್ಪಿನೊಳಗಿಂದ ಹೆಣ್ಣು ಬಂದು ಅವನ ಬೆರಳಿನ ಗೆಣ್ಣಿಗೆ ಕಚ್ಚಿತು. ನೋವೇನಿಲ್ಲ, ಗುಂಡುಸೂಜಿ ತಾಗಿದಂತೆ, ಆದರೆ ಅವನು ಕೂಗಿದ. ಮೂರನೆಯದು ಬಲೆಯಲ್ಲಿ ಮೇಲೆ ಬಂದಾಗ ಹೆಚ್ಚು ಒದ್ದಾಡಲಿಲ್ಲ. ಅದನ್ನು ತಟ್ಟೆಯ ಮೇಲೆ ಹಾಕಿ, ಮಿಷನ್ನಿನ ಮೇಲಿದ್ದ ದಾರ ಕತ್ತರಿಸುವ ಸಣ್ಣ ಕತ್ತರಿಯನ್ನು ಎತ್ತಿಕೊಂಡ.

"ಅದು ನನ್ನ ಕತ್ತರಿ" ಎಂದಳು.

"ತೊಳೆದು ಕೊಡ್ತೀನಿ."

ಹತ್ತೊಂಬತ್ತು ವರ್ಷದ ಕೈ, ಅದಕ್ಕೆ ಯೋಚನೆ ಬೇಕಿರಲಿಲ್ಲ. ತಲೆಯ ಹಿಂದೆ ಒಮ್ಮೆ ಒತ್ತಿದ, ಕಟಕ್ ಎಂದಿತು. ಹೊಟ್ಟೆಯ ಕೆಳಗಿನಿಂದ ಕಿವಿರಿನವರೆಗೆ ಒಂದೇ ಸೀಳು. ಉಗುರಿನಿಂದ ಎರಡು ಕಡೆ ಬಿಡಿಸಿದ. ಗಾಳಿಚೀಲದ ಕೆಳಗೆ, ಬೆನ್ನೆಲುಬಿಗೆ ಅಂಟಿಕೊಂಡು, ಹಾಲಿನ ಬಣ್ಣದ ಎರಡು ಎಳೆ ಇದ್ದವು, ತುಂಬಿದ್ದವು, ಕತ್ತರಿಯ ತುದಿ ತಾಗಿದ್ದೇ ಬಿಳಿಯ ಹನಿಯೊಂದು ತಟ್ಟೆಗೆ ಜಾರಿತು. ಕಾಳಿನಂಥದ್ದು, ಮೊಟ್ಟೆಯಂಥದ್ದು ಏನೂ ಇರಲಿಲ್ಲ. ಮೀನಿನ ಬಾಯಿ ಇನ್ನೂ ಒಮ್ಮೆ ತೆರೆದು ಮುಚ್ಚಿತು.

"ಗಂಡು" ಎಂದ ಅವನು.

ಅವಳು ಎದ್ದು ಬಂದು ತಟ್ಟೆಯನ್ನು ನೋಡಿದಳು. ಗೆದ್ದವಳ ಮುಖವಿರಲಿಲ್ಲ.

"ಹೆಣ್ಣಾಗಿದ್ರೆ?" ಎಂದಳು.

"ಏನು?"

"ಹೆಣ್ಣಾಗಿದ್ದಿದ್ರೆ ಏನು ಮಾಡ್ತಿದ್ರಿ? ಏಟು ಸರಿಯಾಗೇ ಬಿತ್ತು ಅಂತಿದ್ರಾ? ಇಲ್ಲಾ ಇನ್ನೊಂದು ಕೊಡ್ತಿದ್ರಾ?"

ಅವನು ಬಾಯಿ ತೆರೆದ. ಹತ್ತು ದಿನ ಕಟ್ಟಿದ ಮೆಟ್ಟಿಲು ಎಲ್ಲಿತ್ತೆಂದು ಹುಡುಕಿದ. ಅವಳು ಕತ್ತರಿಯನ್ನು ಅವನ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಹೋಗಿ ಸೋಪು ಹಾಕಿ ತೊಳೆಯತೊಡಗಿದಳು. ನೀರಿನ ಸದ್ದು ಬಹಳ ಹೊತ್ತು ಬಂತು. ತೊಟ್ಟಿಯಲ್ಲಿ ಕಪ್ಪು ಇಳಿದು, ಹೆಣ್ಣು ಉರುಳಿದ ಚೂರಿನ ಮೇಲೆ ಬಗ್ಗಿ ತನ್ನ ಮೊಟ್ಟೆಗಳನ್ನು ಒಂದೊಂದಾಗಿ ಕಿತ್ತು ತಿನ್ನುತ್ತಿರುವುದು ಕಂಡಿತು. ಅವಸರವೇನೂ ಇರಲಿಲ್ಲ ಅದಕ್ಕೆ.

ಅಣ್ಣ ನಾಲ್ಕಕ್ಕೆ ಹತ್ತು ನಿಮಿಷವಿರುವಾಗಲೇ ಬಂದ, ಮಗಳೂ ಶಾಲೆಯಿಂದ ಅದೇ ಹೊತ್ತಿಗೆ ಬಂದು ಮಾವನ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಅವನು ಗೋಡೆಗೆ ಬೆನ್ನು ಕೊಟ್ಟು, ಕಾಲರಿನ ಗುಂಡಿ ಬಿಚ್ಚಿಕೊಂಡು, ಸಿದ್ಧನಾಗಿ ನಿಂತಿದ್ದ. ಅಣ್ಣ ಒಳಗೆ ಬಂದು ಚಪ್ಪಲಿ ಬಿಟ್ಟು ಅವನ ಭುಜ ತಟ್ಟಿದ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು.

"ಏನ್ ಭಾವ, ಇಳಿದುಹೋಗಿದ್ದೀರಿ" ಎಂದವನು ಮೇಜಿನ ಮೇಲಿನ ತಟ್ಟೆ ನೋಡಿದ. "ಇದೇನು, ಊಟಕ್ಕಾ? ಒಂದು ಬಾಯಿಗೂ ಆಗಲ್ಲವಲ್ಲ!" ತನ್ನ ಮಾತಿಗೆ ತಾನೇ ನಕ್ಕು ಕುರ್ಚಿಯಲ್ಲಿ ಕುಳಿತ. ಟೀ ಬಂತು. ಸಕ್ಕರೆ ಕಡಿಮೆ ಎಂದ, ಸಕ್ಕರೆ ಬಂತು. ಪ್ರಯಾಣದ ಬಗ್ಗೆ, ಮೊಣಕಾಲಿನ ಬಗ್ಗೆ, ಒಬ್ಬ ಅಂಗಡಿಯವನು ತಕ್ಕಡಿಯ ತಟ್ಟೆಗೆ ಕೆಳಗಿಂದ ಅಂಟಿಸಿದ್ದ ಅಯಸ್ಕಾಂತದ ಬಗ್ಗೆ ಹೇಳಿದ. ಆಮೇಲೆ ಕಪ್ಪನ್ನು ಕೆಳಗಿಟ್ಟು, ಕಚೇರಿಯ ದನಿ ತೆಗೆದ. "ನೋಡಿ. ಸಂಸಾರ ಅಂದ ಮೇಲೆ ಬರುತ್ತೆ ಹೋಗುತ್ತೆ. ಇಪ್ಪತ್ತು ವರ್ಷದಲ್ಲಿ ಒಂದೇಟು. ಒಂದೇ ತಾನೆ, ಭಾವ?"

"ಒಂದೇ" ಎಂದ ಅವನು.

"ಕುಡಿದು ಬಂದು ದಿನಾ ಹೊಡೆಯೋರಿದಾರೆ. ನಾನು ನೋಡಿದೀನಿ. ಇದು ಅದಲ್ಲ. ತಪ್ಪು ಎರಡು ಕಡೆಯೂ ಸ್ವಲ್ಪ ಸ್ವಲ್ಪ ಇರುತ್ತೆ."

"ನಂದ್ಯಾವುದು, ಅಣ್ಣ?" ಎಂದಳು ಅವಳು, ಬಾಗಿಲಲ್ಲಿ ನಿಂತು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ. ನಿಜವಾಗಿ ತಿಳಿದುಕೊಳ್ಳುವವಳಂತೆ ಕೇಳಿದಳು. "ನನ್ನ ಕಡೆದು ಎಷ್ಟು, ತೂಗಿ ಹೇಳು."

"ಹೊರಗಿನವರ ಎದುರಿಗೆ ಹೇಳಬಾರದಾಗಿತ್ತು ನೀನು. ಗಂಡಸಿಗೆ ಅದು ತಡೆಯಲ್ಲ. ಏನಂತೀರಿ ಭಾವ?"

ಎಲ್ಲರೂ ಅವನ ಕಡೆ ನೋಡಿದರು: ಅಣ್ಣ ನಗುತ್ತ, ಮಗಳು ಗೋಡೆಗೊರಗಿ, ಹೆಂಡತಿ ಸುಮ್ಮನೆ. ತಟ್ಟೆಯಲ್ಲಿದ್ದದ್ದೂ ಇದ್ದ ಒಂದು ಕಣ್ಣಿನಿಂದ ಅವನನ್ನೇ ನೋಡುತ್ತಿತ್ತು. ಅವಳ ಕಡೆ ಏನೂ ಇಲ್ಲ, ಎಂದರೆ ಸಾಕಾಗಿತ್ತು. ನಾಲ್ಕು ಪದ. ಅವು ಗಂಟಲಿನವರೆಗೆ ಬಂದಿದ್ದವು, ಅವುಗಳ ಆಕಾರ ನಾಲಗೆಗೆ ತಿಳಿಯುತ್ತಿತ್ತು. ಆದರೆ ಆ ಕ್ಷಣದಲ್ಲೇ, ಯಾರೂ ಗುದ್ದಲಿಲ್ಲ, ಇನ್ನು ಗುದ್ದುವುದೂ ಇಲ್ಲ ಎಂಬ ಅರಿವು ಕಾಲಿನಿಂದ ಮೇಲಕ್ಕೆ ಬೆಚ್ಚಗೆ ಏರತೊಡಗಿತು, ಬಸ್ಸಿನಲ್ಲಿ ಕಲ್ಪಿಸಿದ್ದ ತಂಪಿಗಿಂತ ಎಷ್ಟೋ ಸುಖವಾಗಿ, ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ, ಹೊಸ ಮೀನು ತರಿಸಬಹುದು ಎಂದು. ತಾನು ಮುಗುಳ್ನಗುತ್ತಿದ್ದೇನೆಂದು ಅವನಿಗೆ ತಡವಾಗಿ ತಿಳಿಯಿತು.

"ಟೀ ಆರುತ್ತೆ ಭಾವ, ಕುಡೀರಿ" ಎಂದ.

ಹೆಂಡತಿ ತಲೆಯಾಡಿಸಿದಳು, ಲೆಕ್ಕ ಸರಿಬಂದಾಗ ಆಡಿಸುವಂತೆ. ಮಗಳ ಕಡೆ ನೋಡಿದಳು. ಮಗಳು ಒಳಗೆ ಹೋಗಿ ಎರಡು ಚೀಲ ತಂದು ಬಾಗಿಲ ಬಳಿ ಇಟ್ಟಳು. ಅವು ಮೊದಲೇ ಕಟ್ಟಿದ್ದವು.

"ಎಲ್ಲಿಗೇ?" ಎಂದ ಅಣ್ಣ. "ನಾನು ಕರ್ಕೊಂಡು ಹೋಗೋಕೆ ಬಂದಿಲ್ವಲ್ಲ. ನಮ್ಮನೇಲಿ ಜಾಗ ಎಲ್ಲಿದೆ, ನಿನ್ನ ಅತ್ತಿಗೆ..."

"ನಿನ್ನ ಜೊತೆ ಅಲ್ಲ. ಬಟ್ಟೆ ಅಂಗಡಿ ಹಿಂದೆ ಒಂದು ರೂಮು ಹಿಡಿದಿದೀನಿ. ಶುಕ್ರವಾರಾನೇ ಹಿಡಿದೆ. ನೀನು ಏನು ಹೇಳ್ತೀಯ, ಇವರು ಏನು ಹೇಳ್ತಾರೆ ಅಂತ ಕೇಳೋಣ ಅಂತ ಇದ್ದೆ." ಅವಳು ಮಿಷನ್ನಿನ ಮೇಲಿದ್ದ ಅರ್ಧ ಹೊಲಿದ ಬಟ್ಟೆಯನ್ನು ಮಡಿಸಿದಳು. "ಕೇಳಿದ್ದಾಯ್ತು. ಕೆಳಗೆ ಗಾಡಿ ಬರುತ್ತೆ. ಮಿಷನ್ ಭಾರ, ನಮ್ಮಿಬ್ಬರ ಕೈಲಿ ಆಗಲ್ಲ. ಇಬ್ಬರೂ ಒಂದು ಕೈ ಹಾಕಿ."

ಇಬ್ಬರು ಭಾವಂದಿರೂ ಎರಡು ಕಡೆ ಹಿಡಿದು, ಅವಳು ಹೇಳಿದಂತೆ ಚಕ್ರ ಗೋಡೆಗೆ ತಾಗದ ಹಾಗೆ ಓರೆ ಮಾಡಿಕೊಂಡು, ಮೂರು ಮಹಡಿ ಮಿಷನ್ನನ್ನು ಇಳಿಸಿದರು. ತಿರುವಿನಲ್ಲಿ ಅಣ್ಣ ಮೊಣಕಾಲು ಹಿಡಿದುಕೊಂಡು ಸ್ವಲ್ಪ ನಿಂತ. ಅವಳು ಮುಂದೆ ಕುಳಿತಳು, ಮಗಳು ಹಿಂದೆ ಮಿಷನ್ನನ್ನು ಹಿಡಿದುಕೊಂಡು ಕುಳಿತಳು. ಐದು ಗಂಟೆಗೆ ಗಾಡಿ ಹೊರಟಿತು. ಭಾವ ಮಾತ್ರ ಅವನ ಮನೆಯಲ್ಲೇ ಮರುದಿನ ಮಧ್ಯಾಹ್ನದವರೆಗೆ ಇದ್ದ.